ಬೆರಳಲ್ಲಿ ಎಣಿಸಿದರೆ ತಪ್ಪೇನಿಲ್ಲ

‘ನಾಲ್ಕು ವರ್ಷಕ್ಕೆ ನೂರರವರೆಗೆ ಬರೆಯದ, ಬೆರಳಲ್ಲಿ ಎಣಿಸುವ ಮಗು ಲೆಕ್ಕದಲ್ಲಿ ಹಿಂದೆ’ ಎಂಬ ವಾಟ್ಸಾಪ್ ಸಂದೇಶ ಕಾಸರಗೋಡಿನ ಪೋಷಕರಲ್ಲಿ ಓಡಾಡುತ್ತಿದೆ. ಇದು ತಪ್ಪು. ಬೆರಳೆಣಿಕೆ ಕಲಿಕೆಯ ಸಹಜ ಮೆಟ್ಟಿಲು, ಸುಮ್ನೆ ಗದರಬೇಡಿ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರಿಗೆ ಆಟದ ಮೂಲಕ ಕಲಿಸಿ ಎನ್ನುತ್ತದೆ.

ನೂರರವರೆಗೆ ಬಾಯಿಪಾಠ ಹೇಳುವ ಮಗು, ‘ಐದು ಚಮಚ ಕೊಡು’ ಅಂದರೆ ಕೈಗೆ ಸಿಕ್ಕಷ್ಟು ಕೊಡಬಹುದು. ಒಂದೊಂದನ್ನೇ ಮುಟ್ಟಿ ಎಣಿಸಬೇಕು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂದು ತಿಳಿಯಬೇಕು. ಅಸಲು ಲೆಕ್ಕ ಅಲ್ಲಿದೆ. ನಮ್ಮ ಚೆನ್ನೆಮಣೆಯಲ್ಲಿ ನಡೆಯುವುದೂ ಇದೇ ಅಲ್ವಾ? 14 ಗುಳಿ, ಗುಳಿಗೆ 4 ಕಾಯಿ, ಒಂದೊಂದೇ ಹಾಕುತ್ತಾ ಹೋಗುವುದು. ಅಟ್ಟದಲ್ಲಿದ್ದರೆ ದಯವಿಟ್ಟು ಇಳಿಸಿ. ತೀರಾ ಚಿಕ್ಕವರ ಕೈಗೆ ಮಾತ್ರ ಬೀಜ ಬೇಡ, ಬಾಯಿಗೆ ಹಾಕಿಕೊಂಡಾರು. ಅವರು ಊಟಕ್ಕೆ ತಲೆಗೊಂದು ತಟ್ಟೆ ಇಡಲಿ.