ಹಳದಿ ಲೈಟಿನ ಬಾಯಿ ಮುಚ್ಚಿಸಿದ್ದು

ತೀರ್ಥಹಳ್ಳಿ ಕಡೆ ಡಿಸೆಂಬರ್ ಬೆಳಗ್ಗೆ ಅಂದ್ರೆ ಹಂಡೆ ಒಲೆ ಮುಂದೆ ಕೂತ್ರೆ ಏಳೋಕೆ ಮನಸ್ಸೇ ಬರಲ್ಲ. ಅಂಥಾ ಒಂದು ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ್ರೆ ಮೀಟರಲ್ಲಿ ಒಂದು ಹಳದಿ ಲೈಟು. ಚೊಂಬಿನ ಥರ ಆಕಾರ, ತಳದಲ್ಲಿ ಹಲ್ಲು ಹಲ್ಲು, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಅಮ್ಮ ಬಗ್ಗಿ ನೋಡಿ "ಎಂಥದಾ ಇದು, ಪಾತ್ರೆ ಉಕ್ತಾ ಇರೋ ಹಾಂಗಿದೆ, ನೀರು ಹಾಕ್ಬೇಕೇನೋ ನೋಡು" ಅಂದ್ಲು.

ಮ್ಯಾನ್ಯುಯಲ್ ತೆಗೆದೆ. ಹೋದ ವರ್ಷ ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಮುರುಗಲು ಹಣ್ಣಿನ ರಸದ ಬಾಟ್ಲಿ ಸೋರಿತ್ತು, ಅದೇನು ಹಗೆಯೋ ಗೊತ್ತಿಲ್ಲ, ಬೇಕಾಗಿದ್ದ ನಾಲ್ಕು ಪುಟ ಮಾತ್ರ ಅಂಟಿ ಹಪ್ಪಳ ಆಗಿದ್ವು. ಬೆಂಗಳೂರಿನ ಭಾವನಿಗೆ ಫೋನ್ ಹಚ್ಚಿದೆ. "ಅದು ಟೈರ್ ಗಾಳಿ ಲೈಟು ಮಾರಾಯ, ಚಳಿಗೆ ಗಾಳಿ ಕುಗ್ಗತ್ತೆ, ಐದಾರು ಡಿಗ್ರಿ ಇಳಿದ್ರೆ ಸುಮಾರು 1 ಪಿಎಸ್ಐ, ಅದೇ ಗಾಳಿ ಒತ್ತಡದ ಅಳತೆ, ಹೋಯ್ತು ಅಂತ್ಲೇ ಲೆಕ್ಕ. ಗಾಳಿ ತುಂಬ್ಸಿ ಸೆಟ್ ಬಟನ್ ಒತ್ತು, ಮುಗೀತು" ಅಂದ.

ಡ್ರೈವರ್ ಬಾಗಿಲು ತೆಗೆದ್ರೆ ಬಾಗಿಲ ಕಂಬದ ಮೇಲೆ ಅಂಟಿಸಿರೋ ಚೀಟಿಲಿ ಗಾಳಿ 33 ಇರ್ಬೇಕು ಅಂತ ಇತ್ತು. ಓಡಿಸೋಕೆ ಮುಂಚೆ, ಟೈರು ತಣ್ಣಗಿದ್ದಾಗ್ಲೇ ನೋಡ್ಬೇಕಂತೆ. ಲೈಟರ್ ಪಾಯಿಂಟಿಗೆ ಚುಚ್ಚೋ ಪುಟಾಣಿ ಪಂಪ್ ಹಚ್ಚಿ ನೋಡಿದೆ, ಮೂರು ಚಕ್ರ 31, ಹಿಂದಿನ ಎಡಗಡೇದು ಮಾತ್ರ 24. ಬುದ್ಧಿ ಇರೋರಿಗೆ ಅಲ್ಲೇ ಹೊಳೀಬೇಕಿತ್ತು, ಚಳಿ ಏನು ಒಂದೇ ಚಕ್ರ ಹುಡುಕ್ಕೊಂಡು ಬರತ್ತಾ. ನಾನು ಮಾತ್ರ ಆ ಮೂಲೆ ತೋಟದ ಪಕ್ಕ ಇದೆ, ಅಲ್ಲಿ ಇಬ್ಬನಿ ಜಾಸ್ತಿ ಬೀಳತ್ತೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಪಂಪಿನ ಸದ್ದಿಗೆ ಕೊಟ್ಟಿಗೇಲಿ ಹಸು ಹಗ್ಗ ಜಗ್ಗೋಕೆ ಶುರು ಮಾಡ್ತು, ಅಮ್ಮ ಒಳಗಿಂದ್ಲೇ "ಹಾಲು ಇಳಿಸಲ್ಲ ಅದು, ನಿಲ್ಸಾ!" ಅಂತ ಕೂಗಿದ್ಲು. 33 ತೋರಿಸ್ತು, ಪೈಪ್ ತಿರುಗಿಸಿ ಬಿಚ್ಚೋವಷ್ಟರಲ್ಲಿ ಸುಯ್ಯ್ ಅಂತ ಒಂದಷ್ಟು ಹೊರಗೆ, ಮತ್ತೆ ಹಾಕು, ಮತ್ತೆ ಬಿಚ್ಚು, ಕೊನೆಗೆ 35ಕ್ಕೆ ತುಂಬಿಸಿ ಬಿಚ್ಚಿದ ಮೇಲೆ ಸರಿಯಾಯ್ತು.

ಸೆಟ್ ಬಟನ್ ಬಲ ಮೊಣಕಾಲಿನ ಹತ್ರ, ಕತ್ತಲಲ್ಲಿ. ಮೊದ್ಲು ಹೆಡ್‌ಲೈಟ್ ಏರಿಸಿ ಇಳಿಸೋ ಚಕ್ರ ತಿರುಗಿಸಿದೆ. ಆಮೇಲೆ ಕೀ ಆನ್ ಮಾಡದೇ ಬಟನ್ ಒತ್ತಿದೆ. ಮೂರನೇ ಸಲಕ್ಕೆ ಕೀ ಆನ್ ಮಾಡಿ ಒತ್ತಿ ಹಿಡಿದೆ, ಲೈಟು ಪಿಳಿಪಿಳಿ ಅಂದು ಆರಿತು. ಏನು ಖುಷಿ ಅಂತೀರಿ, ಫ್ಯಾಮಿಲಿ ಗ್ರೂಪಿಗೆ ಫೋಟೋ ಬೇರೆ ಹಾಕಿದೆ.

ಎರಡು ದಿನಕ್ಕೆ ಲೈಟು ವಾಪಸ್. ಈ ಸಲ ಪಂಪ್ ತೆಗೆಯೋಕೆ ಸೋಮಾರಿತನ, ಹಸೂದು ಬೇರೆ ಹೆದರಿಕೆ, ಸೀದಾ ಬಟನ್ ಒತ್ತಿದೆ. ಆರೇ ಹೋಯ್ತು! ನಮ್ಮ ಕಾರಲ್ಲಿ ಗಾಳಿ ಅಳೆಯೋ ಸೆನ್ಸರ್ರೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಗಾಳಿ ಕಮ್ಮಿ ಆದ ಚಕ್ರ ಒಂಚೂರು ಕುಗ್ಗಿ ಬೇರೇದಕ್ಕಿಂತ ಜೋರು ತಿರುಗತ್ತೆ, ಬ್ರೇಕ್ ಹಾಕಿದಾಗ ಚಕ್ರ ಜಾರದ ಹಾಗೆ ನೋಡ್ಕೊಳ್ಳೋ ಎಬಿಎಸ್ ಅದನ್ನ ನೋಡಿ ದೂರು ಹೇಳತ್ತೆ, ಅಷ್ಟೇ. ಸೆಟ್ ಒತ್ತಿದ್ರೆ ಈಗ ಹೆಂಗಿದೆಯೋ ಅದೇ ಸರಿ ಅಂತ ಕಲ್ತುಬಿಡತ್ತೆ. ಅಂದ್ರೆ ನಾನು ಸೊಟ್ಟ ಚಕ್ರಕ್ಕೆ ಸರ್ಟಿಫಿಕೇಟ್ ಕೊಟ್ಟು ಮಂಡಗದ್ದೆ ತನಕ ಹೋಗಿ ಬಂದೆ, ದಾರಿಯುದ್ದ ಕಾರು ಎಡಗಡೆಗೆ ಎಳೀತಾ ಇತ್ತು, ನಾನು ರಸ್ತೆ ಓರೆ ಇದೆ ಅಂತ ಬೈಕೊಂಡೆ.

ಸಂಜೆ ಅಪ್ಪ ಕವಳ ಹಾಕ್ಕೊಂಡು ಬಂದ್ರು, ಹಿಂದಿನ ಚಕ್ರ ನೋಡಿದ್ರು, ಏನೂ ಮಾತಾಡ್ಲಿಲ್ಲ, ಬೆರಳಿಗೆ ಎಂಜಲು ಹಚ್ಚಿ ವಾಲ್ವ್ ಬಾಯಿಗೆ ಇಟ್ರು. ಕೆಂಪು ಗುಳ್ಳೆ ಬರ್ಲಿಲ್ಲ. "ಸೋಪಿನ ನೀರು ತಾ" ಅಂದ್ರು. ಚಕ್ರದ ಮೇಲೆ ಸುರೀತಾ, ನನ್ನ ಕೈಲಿ ಕಾರು ಒಂದೊಂದು ಗೇಣು ತಳ್ಳಿಸ್ತಾ ಹೋದ್ರು. ಒಂದು ಕಡೆ ಸಾಸಿವೆಯಷ್ಟು ಗುಳ್ಳೆ ಎದ್ದು, ನೆಲ್ಲಿಕಾಯಷ್ಟಾಗಿ, ಪಟ್ ಅಂತ ಒಡೀತು. ಅದರ ನಡುವೆ ಸವೆದು ಫಳಫಳ ಹೊಳೀತಿದ್ದ ಮೊಳೆ ತಲೆ.

ಪಂಕ್ಚರ್ ಅಂಗಡಿಯವ್ರು ಇಕ್ಕಳ ಹಾಕಿ ಎಳೆದು, ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿ, 150 ರೂಪಾಯಿ ತಗೊಂಡ್ರು. ಅಪ್ಪ ಮೊಳೆ ಇಸ್ಕೊಂಡು ಅಂಗೈಲಿ ಹೊರಳಿಸಿ ನೋಡಿದ್ರು. ಒಂದೂವರೆ ಇಂಚಿಂದು, ನಮ್ಮದೇ. ಹೋದ ವಾರ ಅಡಿಕೆ ಒಣಗಿಸೋ ಚಪ್ಪರಕ್ಕೆ ದಬ್ಬೆ ಹೊಡೆಯೋಕೆ ತಂದಿದ್ದು, ಹರಿದ ಪೊಟ್ಟಣದಲ್ಲಿ ಅಂಗಳ ದಾಟಿಸಿದವನು ನಾನೇ.

ಮನೆಗೆ ಬಂದು ಅಪ್ಪ ಅದನ್ನ ಮೆಟ್ಟಿಲ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ, ಡಬ್ಬಕ್ಕೆ ಹಾಕಿ "ಲೆಕ್ಕಕ್ಕೆ ನಾಲ್ಕು ಕಮ್ಮಿ ಬಂದಿತ್ತು, ಇನ್ನು ಮೂರು ಸಿಗ್ಬೇಕು" ಅಂದ್ರು.

ಉಳಿದಿರೋ ಚಕ್ರಾನೂ ಮೂರೇ. ಈಗ ದಿನಾ ಬೆಳಗ್ಗೆ ಸಗಣಿ ಬಳಿಯೋಕೆ ಮುಂಚೆ ಟಾರ್ಚ್ ಹಿಡ್ಕೊಂಡು ಅಂಗಳದಲ್ಲಿ ಬಗ್ಗಿ ಓಡಾಡ್ತೀನಿ, ಹಸು ನನ್ನನ್ನೇ ನೋಡ್ತಾ ಇರತ್ತೆ.