ಏರಿಯಾ ಹೆಸರಿಗೆ ಎಷ್ಟು, ನೀರಿಗೆ ಎಷ್ಟು?

ಬೆಂಗಳೂರಲ್ಲಿ ಯಾರಾದರೂ ಹೊಸದಾಗಿ ಪರಿಚಯವಾದರೆ ಎರಡನೇ ಪ್ರಶ್ನೆಗೇ ‘ಮನೆ ಎಲ್ಲಿ?’ ಬಂದುಬಿಡುತ್ತೆ. ಮಲ್ಲೇಶ್ವರ ಅಂದರೆ ಎದುರಿನವರ ಮುಖದಲ್ಲಿ ಒಂದು ಭಾವ, ಶ್ರೀರಾಂಪುರ ಅಂದರೆ ಇನ್ನೊಂದು. ಹಸಿರು ಮಾರ್ಗದ ಮೆಟ್ರೋದಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆ ಆದಮೇಲೆ ಬರುವ ನಿಲ್ದಾಣವೇ ಶ್ರೀರಾಂಪುರ. ಎರಡೂ ಹಳೇ ಬಡಾವಣೆಗಳು, ಮೆಜೆಸ್ಟಿಕ್ ಎರಡಕ್ಕೂ ಹತ್ತಿರ. ಆದರೂ ಗಂಡಿನ ಮನೆ ಶ್ರೀರಾಂಪುರದಲ್ಲಿ ಅಂದರೆ ಮದುವೆ ಮಾತುಕತೆ ಸ್ವಲ್ಪ ತಣ್ಣಗಾಗುತ್ತೆ. ರಸ್ತೆ ಕಿರಿದು, ಸೈಟು ಚಿಕ್ಕದು, ಕಾರು ನಿಲ್ಲಿಸಕ್ಕೆ ಜಾಗ ಇಲ್ಲ, ಅದು ನಿಜ. ಆದರೆ ಮಾತು ತಣ್ಣಗಾಗೋದು ಪಾರ್ಕಿಂಗ್ ಕಾರಣಕ್ಕಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ಏರಿಯಾ ಹೆಸರಿಗೆ ಅಂತ ನಾವು ಹೆಚ್ಚಿಗೆ ಕೊಡೋ ದುಡ್ಡಿನಲ್ಲಿ ಒಂದಿಷ್ಟು ಅಗಲ ರಸ್ತೆ, ಪಾರ್ಕು, ಸರಿಯಾದ ಕಾಗದಪತ್ರಕ್ಕೆ ಹೋಗುತ್ತೆ. ಅದಕ್ಕೆ ಕೊಡಬಹುದು. ಮಿಕ್ಕಿದ್ದು ಪಕ್ಕದಲ್ಲಿ ಯಾರು ಇರಬಾರದು ಅನ್ನೋದಕ್ಕೆ ಕೊಡೋ ದುಡ್ಡು. ಬ್ರೋಕರುಗಳ ಬಾಯಲ್ಲಿ ಅದು ‘ಕ್ರೌಡ್ ಚೆನ್ನಾಗಿದೆ ಸಾರ್’ ಆಗುತ್ತೆ.

1948ರಲ್ಲಿ ಶುರುವಾದ ಜಯನಗರದಂಥ ಬಡಾವಣೆಗೆ ಬೆಲೆ ಬಂದಿದ್ದು ಸುಮ್ಮನೆ ಅಲ್ಲ. ಮೊದಲು ರಸ್ತೆ, ಚರಂಡಿ, ಪಾರ್ಕು, ಆಮೇಲೆ ಮನೆ. ಕಂದಾಯ ಭೂಮೀಲಿ, ಅಂದರೆ ಸರಿಯಾದ ಮಂಜೂರಾತಿ ಇಲ್ಲದ ಹೊಲಗದ್ದೇಲಿ, ಎದ್ದ ಲೇಔಟುಗಳಲ್ಲಿ ಇದೇ ಉಲ್ಟಾ: ಮೊದಲು ಮನೆ, ಆಮೇಲೆ ಬಿ ಖಾತಾ (ಪೂರ್ತಿ ಸಕ್ರಮವಲ್ಲದ ಆಸ್ತಿಯ ದಾಖಲೆ), ಚರಂಡಿ ಯಾವಾಗಲೋ. ತೊಂದರೆ ಏನು ಅಂದರೆ, ಈಗಿನ ‘ಪ್ರೆಸ್ಟೀಜ್’ ವಿಳಾಸಗಳಲ್ಲಿ ಎಷ್ಟೋ ಈ ಎರಡನೇ ಗುಂಪಿನವು. ಗೇಟು, ಕ್ಲಬ್ ಹೌಸು, ಒಳಗೆ ಟೈಲ್ಸ್ ಹಾಕಿದ ದಾರಿ ಎಲ್ಲಾ ಇರುತ್ತೆ, ಗೇಟಿನಾಚೆ ಮೋರಿ ಇರಲ್ಲ.

2022ರ ಸೆಪ್ಟೆಂಬರಿನ ಮಳೆ, ನೆರೆ ನೆನಪಿಸಿಕೊಳ್ಳಿ. ಯಮಲೂರಿನಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನ ಟ್ರ್ಯಾಕ್ಟರಲ್ಲಿ ಕೂರಿಸಿ ಆಚೆ ತಂದರು. ಕೆರೆಯಿಂದ ಕೆರೆಗೆ ಹೋಗೋ ರಾಜಕಾಲುವೆಗೆ ಪಿನ್‌ಕೋಡ್ ಗೊತ್ತಿರಲ್ಲ.

ಹಾಗಾಗಿ ಮನೆ ನೋಡಕ್ಕೆ ಹೋದಾಗ ಬ್ರೋಕರ್ ಮಾತಾಡುತ್ತಿರುವಾಗಲೇ ಫೋನಲ್ಲಿ ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆಗೀರಿ. ನೀವು ನಿಂತಿರೋ ಜಾಗದ ಸರ್ವೆ ನಂಬರು ಬರುತ್ತೆ. ಸುತ್ತ ಕೆರೆ, ಕಾಲುವೆ, ಖರಾಬು (ಸಾಗುವಳಿಗೆ ಬಾರದ್ದು ಅಂತ ಬಿಟ್ಟ ಜಮೀನು) ಎಲ್ಲಿದೆ ನೋಡಿ. ಆಮೇಲೆ ಕ್ರಯಪತ್ರದ ಷೆಡ್ಯೂಲ್, ಅಂದರೆ ಆಸ್ತಿಯ ವಿವರ ಇರೋ ಭಾಗ, ಓದಿ. ಜಾಹೀರಾತಲ್ಲಿ ‘ಎಚ್ಎಸ್ಆರ್ ಎಕ್ಸ್‌ಟೆನ್ಷನ್’ ಅಂತ ಇರೋದು ಅಲ್ಲಿ ಇಂಥ ಗ್ರಾಮ, ಇಂಥ ಹೋಬಳಿ ಅಂತ ಇರುತ್ತೆ. ಆ ಗ್ರಾಮದ ಮಾರ್ಗಸೂಚಿ ದರವನ್ನ (ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ನೋಡಿ, ಪಕ್ಕದ ಹೆಸರುವಾಸಿ ಬಡಾವಣೆಯ ದರದ ಜೊತೆ ಇಟ್ಟು ಹೋಲಿಸಿ. ಬ್ರೋಕರ್ ಹೆಸರನ್ನ ಎಷ್ಟು ದೂರ ಎಳೆದಿದ್ದಾನೆ ಅಂತ ಅಂದಾಜು ಸಿಗುತ್ತೆ. ಅಂದಹಾಗೆ ಬಿಟಿಎಂ ಅಂದರೂ ಬೈರಸಂದ್ರ, ತಾವರೆಕೆರೆ, ಮಡಿವಾಳವೇ. ಊರಿನ ಹೆಸರು ಇಂಗ್ಲಿಷ್ ಅಕ್ಷರವಾದ ತಕ್ಷಣ ರೇಟು ಏರುತ್ತೆ.

ಇನ್ನು ನೀರು. ನಾಲ್ಕು ಜನರ ಮನೆಗೆ ತಲಾ 135 ಲೀಟರಿನಂತೆ ದಿನಕ್ಕೆ 540, ತಿಂಗಳಿಗೆ 16,200 ಲೀಟರ್ ಬೇಕು. 40 ಫ್ಲಾಟಿನ ಅಪಾರ್ಟ್‌ಮೆಂಟಿಗೆ ಪೂರ್ತಿ ಟ್ಯಾಂಕರೇ ಗತಿಯಾದರೆ ತಿಂಗಳಿಗೆ 12,000 ಲೀಟರಿನ 54 ಲೋಡು. 2024ರ ಬರದಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗೆ ಅಂಥ ಒಂದು ಲೋಡಿಗೆ ಸಾವಿರ ರೂಪಾಯಿ ಅಂತ ನಿಗದಿ ಮಾಡಿತ್ತು. ಆ ಲೆಕ್ಕದಲ್ಲೇ ಮನೆಗೆ 1,350 ರೂಪಾಯಿ ಆಯಿತು, ಮೇಂಟೆನೆನ್ಸ್ ಬೇರೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ. ಹೊಸ ‘ಪಾಶ್’ ಏರಿಯಾಗಳು ತುಂಬ ಇರೋದು ಆ 110ರಲ್ಲೇ. ‘ಕಾವೇರಿ ಇದೆ’ ಅಂದರೆ ಸಾಕಾಗಲ್ಲ, ಕಳೆದ ಏಪ್ರಿಲಿನ ನೀರಿನ ಬಿಲ್ಲು ಮತ್ತು ಟ್ಯಾಂಕರ್ ಬಿಲ್ಲು ಎರಡನ್ನೂ ಅಸೋಸಿಯೇಷನ್‌ನವರ ಹತ್ತಿರ ಕೇಳಿ. ತೋರಿಸಕ್ಕೆ ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಂಗೆ.

ಬಾಡಿಗೆಗೆ ಹೋದರೆ ಇದೆಲ್ಲಾ ನಿಮ್ಮನ್ನ ಕೇಳೋಕೆ ಬಿಡಲ್ಲ, ಓನರೇ ನಿಮ್ಮನ್ನ ಕೇಳ್ತಾರೆ. ‘ಯಾವ ಕಡೆಯವರು? ವೆಜ್ಜಾ? ಊರಿಂದ ನೆಂಟರು ಜಾಸ್ತಿ ಬರ್ತಾರಾ?’ ನೇರವಾಗಿ ಜಾತಿ ಕೇಳಕ್ಕೆ ಸಂಕೋಚ ಇರೋರು ಮನೆದೇವರು ಕೇಳ್ತಾರೆ. ಹತ್ತು ತಿಂಗಳ ಅಡ್ವಾನ್ಸೂ ಒಂದು ಜರಡಿಯೇ. 25,000 ಬಾಡಿಗೆಗೆ ಎರಡೂವರೆ ಲಕ್ಷ ಒಟ್ಟಿಗೆ ಎತ್ತಿಕೊಡೋರು ಎಷ್ಟು ಜನ ಇದ್ದಾರೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತೆ. ಅದನ್ನ ಓನರ್ ಮುಂದೆ ಹೇಳಿದರೆ ಮನೆ ‘ಆಗಲೇ ಬೇರೆಯವರಿಗೆ ಕೊಟ್ಟಾಯ್ತು’.

ಪ್ರತಿಷ್ಠೆಯ ಇನ್ನೊಂದು ತಮಾಷೆ ಸದಾಶಿವನಗರ. ಇದ್ದ ಆಸ್ತಿಯನ್ನೆಲ್ಲಾ ಸ್ವಾತಂತ್ರ್ಯ ಹೋರಾಟಕ್ಕೆ ಸುರಿದು ಬಡತನದಲ್ಲೇ ತೀರಿಕೊಂಡ ಕಾರ್ನಾಡ್ ಸದಾಶಿವರಾಯರ ಹೆಸರು ಅದು. ಇವತ್ತು ಅವರೇ ಬಂದು ಅಲ್ಲಿ ಒಂದು ಔಟ್‌ಹೌಸ್ ಕೇಳಿದರೂ ಸಿಗಲ್ಲ.

ಮೇಲು-ಕೀಳು ನಕ್ಷೆಯಲ್ಲೇ ಇತ್ತು ಅನ್ನೋದಕ್ಕೆ 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಯ ಮನೆಗಳ ಹಿಂದೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲಿಗೆ ಬಾರದ ಹಾಗೆ ಬಿಟ್ಟ ದಾರಿ. ಇವತ್ತಿನ ಅಪಾರ್ಟ್‌ಮೆಂಟುಗಳಲ್ಲಿ ಅದು ‘ಸರ್ವೀಸ್ ಲಿಫ್ಟ್’ ಆಗಿದೆ. ಮನೆಗೆಲಸದವರು ಅದರಲ್ಲೇ ಹೋಗಬೇಕು, ಸಾಕಿದ ನಾಯಿಯ ಜೊತೆ.

ಮನೆಗೆಲಸದವರನ್ನ ದೂರ ಇಟ್ಟಷ್ಟೂ ಖರ್ಚು ಮಾತ್ರ ನಿಮ್ಮದೇ. 2013ರ ಜನವರಿಯಲ್ಲಿ ಈಜಿಪುರದಲ್ಲಿ ಬಡವರಿಗೆ ಅಂತ ಕಟ್ಟಿದ್ದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಜಾಗದಲ್ಲಿದ್ದ ಶೆಡ್ಡುಗಳನ್ನ ಕೆಡವಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನ ಎಬ್ಬಿಸಿದರು. ಕೋರಮಂಗಲದ ಮನೆಗಳಿಗೆ ನಡೆದೇ ಕೆಲಸಕ್ಕೆ ಬರುತ್ತಿದ್ದವರು ಅವರಲ್ಲಿ ತುಂಬ ಜನ. ಈಗ ಊರಾಚೆಯ ಲೇಔಟುಗಳಲ್ಲಿ ಇದೇ ಪಾಡು: ಕೆಲಸದವರು ಎರಡು ಬಸ್ಸು ಹತ್ತಿ ಬರಬೇಕು, ಮಳೆ ಬಂದರೆ ಬರಲ್ಲ, ಬಂದರೂ ಸಂಜೆ ಪಾತ್ರೆಗೆ ನಿಲ್ಲಲ್ಲ. ಟೋಕನ್ ಅಡ್ವಾನ್ಸ್ ಕೊಡೋ ಮುಂಚೆ ಗೇಟಿನ ಹತ್ತಿರ ಇಸ್ತ್ರಿ ಗಾಡಿಯವರನ್ನ ಮಾತಾಡಿಸಿ. ಎಲ್ಲಿಂದ ಬರ್ತಾರೆ, ಕೊನೇ ಬಸ್ಸು ಎಷ್ಟೊತ್ತಿಗೆ, ಹೋದ ಮಳೆಗಾಲದಲ್ಲಿ ಗೇಟಿನ ಮುಂದೆ ನೀರು ಎಲ್ಲಿವರೆಗೆ ನಿಂತಿತ್ತು ಅಂತ. ಗಾಡಿಯೇ ಇಲ್ಲ, ಸೆಕ್ಯುರಿಟಿಯವರು ಓಡಿಸಿಬಿಟ್ಟಿದ್ದಾರೆ ಅಂದರೆ, ಬಟ್ಟೆ ಕೊಡಕ್ಕೆ ಎಷ್ಟು ದೂರ ಹೋಗಬೇಕು ಅಂತ ಬ್ರೋಕರನ್ನೇ ಕೇಳಿ.