ಕಾಗದ ಬರೆದವನಿಗೆ ಹಾರ, ಮುಟ್ಟಿಸಿದವನಿಗೆ?

ನಿನ್ನೆ ಸಂಜೆ ಊರಲ್ಲಿ ಒಂದು ಉಪನ್ಯಾಸ ಇತ್ತು. ಗಡಿಪಾರಾದ ನಾಯಕರು ಹೊರದೇಶದಲ್ಲಿ ಕೂತು ತಮ್ಮ ಜನರಿಗೆ ಬರೆದ ಕಾಗದಗಳ ಬಗ್ಗೆ. ಕಾಗದ ಅಂದರೆ ನಾನು ಹೋಗದೇ ಇರುವವನಾ? ನಿಮಗೆಲ್ಲ ಗೊತ್ತೇ ಇದೆ, ಅರ್ಧ ಆಯುಷ್ಯ ರೈಲಿನ ಅಂಚೆ ಡಬ್ಬಿಯಲ್ಲಿ ನಿಂತು ಟಪಾಲು ವಿಂಗಡಿಸಿದವನು ನಾನು. ವಾಡಿ ಜಂಕ್ಷನ್ ಬಂತು ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ, ಸಿಮೆಂಟ್ ಧೂಳು ಮೂಗಿಗೆ ಹೊಡೆಯುತ್ತಿತ್ತು.

ಭಾಷಣಕಾರರು ಚೆನ್ನಾಗಿಯೇ ಮಾತಾಡಿದರು. ಆದರೆ ಒಂದು ಮಾತು ಹಿಡಿದುಕೊಂಡುಬಿಟ್ಟರು. "ಪತ್ರ ಬಂತು, ದೇಶ ಎದ್ದಿತು." ಇಟಲಿಗೆ ಪತ್ರ ಬಂತು, ಎದ್ದಿತು. ರಷ್ಯಾಕ್ಕೆ ಬಂತು, ಎದ್ದಿತು. ಇರಾನಿಗೆ ಬಂತು, ಅದೂ ಎದ್ದಿತು. ಚಪ್ಪಾಳೆ. ಪಕ್ಕದಲ್ಲಿದ್ದ ಹುಡುಗ ನನ್ನ ಮುಖ ನೋಡಿ "ಯಾಕ್ರೀ ಸರ, ಆರಾಮಿಲ್ಲೇನು" ಅಂದ. ಆರಾಮಿದ್ದೀನಪ್ಪ, ಸಿಟ್ಟು ಬಂದಿದೆ ಅಷ್ಟೇ.

ಬಂತು ಅಂದರೆ ಹೇಗೆ ಬಂತು? ತಾನೇ ಕಾಲು ಬಂದು ನಡೆದು ಬಂತಾ?

ಇಟಲಿಯನ್ನು ಒಂದು ದೇಶ ಮಾಡಬೇಕು ಅಂತ ಹೋರಾಡಿ ಗಡಿಪಾರಾದ ಮಜ್ಜಿನಿಯ ವಿಷಯವನ್ನೇ ತಗೊಳ್ಳಿ. ಅವನು 1831ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಕೂತು 'ಯಂಗ್ ಇಟಲಿ' ಸಂಘಟನೆ ಕಟ್ಟಿದ. ಅವನ ಪತ್ರಿಕೆ, ಕಾಗದಗಳು ಇಟಲಿಯೊಳಗೆ ಹೋಗುತ್ತಿದ್ದದ್ದು ಡಾಂಬರಿನ ಪೀಪಾಯಿಗಳಲ್ಲಿ, ಸಾಮಾನಿನ ನಡುವೆ ಬಚ್ಚಿಟ್ಟು. ಪೀಪಾಯಿ ಹೇರಿದ ಹಮಾಲಿ ಯಾರು, ಬಂದರಿನಲ್ಲಿ ಇಳಿಸಿಕೊಂಡವನು ಯಾರು, ಅದನ್ನು ಒಡೆದು ಹಂಚಿದವನು ಯಾರು? ಸಿಕ್ಕಿಬಿದ್ದರೆ ಅವನ ಗತಿ ಏನು? ನಿನ್ನೆಯ ಒಂದೂವರೆ ತಾಸಿನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. 1833ರಲ್ಲಿ ಆ ಜಾಲ ಸರ್ಕಾರದ ಕೈಗೆ ಸಿಕ್ಕಿತು. ಮಜ್ಜಿನಿಗೂ ಮರಣದಂಡನೆ ಆಯಿತು, ಆದರೆ ಅವನು ಗಡಿಯಾಚೆ ಇದ್ದ. ಅವನ ಆಪ್ತ ಗೆಳೆಯ ಯಾಕೊಪೊ ರುಫಿನಿ ಜಿನೋವಾದಲ್ಲೇ ಇದ್ದ. ಜೈಲಿನಲ್ಲಿ ಜೀವ ಕಳಕೊಂಡ. ಉಳಿದ ಎಷ್ಟೋ ಜನರನ್ನು ಗುಂಡಿಟ್ಟು ಕೊಂದರು.

ಹೀಗಿದೆ ನೋಡಿ ಲೆಕ್ಕ. ಬರೆದವನು ದೂರ, ತಗೊಂಡವನು ಪೊಲೀಸರ ಕೈಗೆ ಹತ್ತಿರ.

ಭಾಷಣಕಾರರು ಬಿಟ್ಟೇಬಿಟ್ಟ ಒಂದು ಪ್ರಸಂಗ ಹೇಳುತ್ತೇನೆ, ಅಂಚೆಯವನಾಗಿ ನನಗೆ ಬಹಳ ಇಷ್ಟವಾದದ್ದು. 1844ರಲ್ಲಿ ಮಜ್ಜಿನಿ ಲಂಡನ್‌ನಲ್ಲಿದ್ದ. ತನ್ನ ಟಪಾಲನ್ನು ಯಾರೋ ಒಡೆದು ಓದುತ್ತಿದ್ದಾರೆ ಅಂತ ಅನುಮಾನ ಬಂತು. ಏನು ಮಾಡಿದ ಗೊತ್ತಾ? ತನಗೇ ಬರುವ ಕಾಗದಗಳೊಳಗೆ ಗಸಗಸೆ, ಮರಳಿನ ಕಾಳು, ಕೂದಲು ಹಾಕಿಸಿದ. ಕಾಗದ ಬಂದಾಗ ಒಳಗೆ ಗಸಗಸೆ ಇಲ್ಲ! ಇನ್ನೂ ಒಂದು ಗಮನಿಸಿದ. ಕೆಲವು ಕಾಗದಗಳ ಮೇಲೆ ತಾರೀಖಿನ ಮೊಹರು ಎರಡು ಸಲ ಬಿದ್ದಿತ್ತು, ಮೊದಲನೆಯದನ್ನು ಮುಚ್ಚುವ ಹಾಗೆ ಎರಡನೆಯದು. ತಡವಾದದ್ದು ಗೊತ್ತಾಗಬಾರದಲ್ಲ, ಅದಕ್ಕೆ. ಮೊಹರಿನ ಮೇಲೆ ಮೊಹರು ನೋಡಿದರೆ ನನ್ನಂಥವನಿಗೆ ಕೈ ತುರಿಸುತ್ತೆ. ಒಂದೇ ಮೊಹರನ್ನು ನೆಟ್ಟಗೆ ಹೊಡೆಯುವುದಕ್ಕೇ ಪುರುಸೊತ್ತಿಲ್ಲದ ಕೆಲಸ ಅದು, ಸುಮ್ಮನೆ ಯಾರೂ ಎರಡು ಹೊಡೆಯುವುದಿಲ್ಲ.

ವಿಷಯ ಪಾರ್ಲಿಮೆಂಟಿಗೆ ಹೋಯಿತು. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಂ ಅಪ್ಪಣೆ ಕೊಟ್ಟೇ ಒಡೆಸಿದ್ದು ಅಂತ ಹೊರಬಿತ್ತು. ದೊಡ್ಡ ಗಲಾಟೆ. ಅದೇ ವರ್ಷ ಜುಲೈನಲ್ಲಿ, ಮಜ್ಜಿನಿಯ ಜೊತೆ ಪತ್ರವ್ಯವಹಾರ ಇದ್ದ, ದಂಗೆ ಎಬ್ಬಿಸಲು ಹೋಗಿದ್ದ ಬಾಂಡಿಯೆರಾ ಸಹೋದರರನ್ನು ಇಟಲಿಯ ಕೊಸೆಂಜಾ ಹತ್ತಿರ ಗುಂಡಿಟ್ಟು ಕೊಂದರು. ಒಡೆದ ಕಾಗದದ ಸುದ್ದಿಯೇ ಅವರನ್ನು ಹಿಡಿಸಿಕೊಟ್ಟಿತು ಅಂತ ಜನ ಕೂಗಾಡಿದರು. ಲಂಡನ್‌ನಲ್ಲಿ ಅದು ಮಾನದ ಪ್ರಶ್ನೆ. ಕೊಸೆಂಜಾದಲ್ಲಿ ಪ್ರಾಣದ್ದು.

ರಷ್ಯಾದ ಕಥೆಯೂ ಅಷ್ಟೇ. ಲೆನಿನ್ ಬರೆದ, ಲೆನಿನ್ ಬರೆದ ಅಂತಾರೆ. ಆ ಟಪಾಲಿನ ಕೆಲಸ ವರ್ಷಗಟ್ಟಲೆ ನೋಡಿಕೊಂಡದ್ದು ಹೆಂಡತಿ ಕ್ರುಪ್‌ಸ್ಕಾಯಾ. ಮಾಮೂಲಿ ಕ್ಷೇಮ ಸಮಾಚಾರದ ಸಾಲುಗಳ ನಡುವೆ ಕಾಣದ ಶಾಯಿಯಲ್ಲಿ ಬರೆದದ್ದು, ದೀಪಕ್ಕೆ ಹಿಡಿದರೆ ಅಕ್ಷರ ಏಳುತ್ತಿತ್ತು. ಅವಳ ಕೋಣೆಯಲ್ಲಿ ಯಾವಾಗಲೂ ಕಾಗದ ಕಮರಿದ ವಾಸನೆ ಇರುತ್ತಿತ್ತಂತೆ. ನಿನ್ನೆ ಅವಳ ಹೆಸರು ಬಂತಾ? ಇಲ್ಲ. ಇನ್ನೊಂದು ತಮಾಷೆ. 1917ರ ಮಾರ್ಚಿನಲ್ಲಿ ಲೆನಿನ್ ಜ್ಯೂರಿಕ್‌ನಿಂದ 'ದೂರದಿಂದ ಪತ್ರಗಳು' ಅಂತ ಒಂದರ ಹಿಂದೆ ಒಂದು ಬರೆದು ಕಳಿಸಿದ. ಪಕ್ಷದ ಪತ್ರಿಕೆ ಪ್ರಾವ್ದಾದಲ್ಲಿದ್ದ ಅವನದೇ ಜನ ಮೊದಲನೆಯದನ್ನು ಕತ್ತರಿಸಿ ಅಚ್ಚು ಹಾಕಿದರು, ಉಳಿದವನ್ನು ಎತ್ತಿಟ್ಟರು. ದೊಡ್ಡವರ ಕಾಗದ ಅಂತ ಕಣ್ಣಿಗೊತ್ತಿಕೊಳ್ಳಲಿಲ್ಲ. ಊರಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಊರಲ್ಲಿದ್ದವರಿಗೆ ಗೊತ್ತು ಅಂದುಕೊಂಡರು. ತಪ್ಪೋ ಸರಿಯೋ, ನನಗಂತೂ ಓದಿ ಖುಷಿಯಾಯಿತು.

ಇರಾನಿನ ಧರ್ಮಗುರು ಖೊಮೇನಿಯದು ಕಾಗದಕ್ಕಿಂತ ಜಾಸ್ತಿ ಕ್ಯಾಸೆಟ್. 1964ರಲ್ಲಿ ಹೊರಹಾಕಿಸಿಕೊಂಡವನು ವಾಪಸ್ ಬಂದದ್ದು 1979ರ ಫೆಬ್ರವರಿ 1ಕ್ಕೆ. ಅಷ್ಟು ವರ್ಷ ಅವನ ದನಿಯನ್ನು ಮನೆ ಮನೆಯಲ್ಲಿ ಕಾಪಿ ಮಾಡಿ ದಾಟಿಸಿದವರು ಅಲ್ಲಿಯವರೇ. ಅವನ ರಾಜಕೀಯ ನನಗೆ ಬೇಡ, ಆ ಮಾತು ಇಲ್ಲಿಗೇ ಬಿಡಿ.

ನಾವೇನು ಇದನ್ನು ಯುರೋಪಿನಿಂದ ಕಲಿಯಬೇಕಾ? ಬೀದರಿನ ಬಹಮನಿ ಸುಲ್ತಾನನ ಮಂತ್ರಿ ಮಹಮೂದ್ ಗವಾನ್ ಕಥೆ ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಅವನೂ ಇರಾನಿನ ಗಿಲಾನ್ ಬಿಟ್ಟು ಬಂದವನು, ಅವನೂ ದೊಡ್ಡ ಪತ್ರಗಾರ. ಆದರೆ ತಲೆ ಹೋದದ್ದು ತಾನು ಬರೆಯದ ಕಾಗದಕ್ಕೆ. ಆಗದವರು ಅವನ ಮುದ್ರೆ ಕಾಯುವವನನ್ನು ತಮ್ಮ ಕಡೆ ಮಾಡಿಕೊಂಡು, ಖಾಲಿ ಹಾಳೆಗೆ ಮುದ್ರೆ ಒತ್ತಿಸಿ, ದಂಡೆತ್ತಿ ಬಾ ಅಂತ ಗವಾನನೇ ಒಡಿಶಾದ ರಾಜನಿಗೆ ಬರೆದ ಹಾಗೆ ಬರೆದು ಸುಲ್ತಾನನ ಮುಂದಿಟ್ಟರು. 1481ರಲ್ಲಿ ಕೊಂದೇಬಿಟ್ಟರು. ಒಡಿಶಾದವನಿಗೆ ಏನೂ ಆಗಲಿಲ್ಲ, ಅವನು ದೂರ ಇದ್ದ. ಕೈಗೆ ಸಿಕ್ಕವನ ಕತ್ತು ಹೋಯಿತು.

ಈಗ ನೀವು ಹೇಳುತ್ತೀರಿ, "ಅಲ್ರೀ, ಊರು ಬಿಟ್ಟವನ ಸಂಕಟ ಸಂಕಟ ಅಲ್ವಾ? ಬರೆಯುವವನೇ ಇಲ್ಲದಿದ್ದರೆ ದಾಟಿಸುವುದೇನು?" ಸರಿ. ಮಜ್ಜಿನಿ ಲಂಡನ್‌ನಲ್ಲಿ ಬಡತನದಲ್ಲೇ ದಿನ ತಳ್ಳಿದ, ಸತ್ತವರ ನೆನಪಿನಲ್ಲಿ ತಲೆ ಕೆಡಿಸಿಕೊಂಡಿದ್ದ ಅನ್ನುವುದೂ ನಿಜ. ಒಪ್ಪಿದೆ. ಆದರೆ ಅವನ ಸಂಕಟಕ್ಕೆ ಪುಸ್ತಕಗಳಿವೆ, ಪ್ರತಿಮೆಗಳಿವೆ, ನಿನ್ನೆಯಂಥ ಉಪನ್ಯಾಸಗಳಿವೆ. ನಾನೂ ಸೇರಿಕೊಂಡು ಅಳಬೇಕಾ?

ನನ್ನ ಸಿಟ್ಟಿಗೆ ಮನೆಯ ಕಾರಣವೂ ಇದೆ, ಮುಚ್ಚಿಡುವುದೇನು. ನಮ್ಮಣ್ಣ ಪುಣೆ ಸೇರಿದ ಮೇಲೆ ಇನ್‌ಲ್ಯಾಂಡ್ ಲೆಟರ್‌ನ ಮೂರೂ ಮಗ್ಗಲು ತುಂಬಿಸಿ ಬರೆಯುತ್ತಿದ್ದ. ತೊಗರಿ ಯಾವಾಗ ಬಿತ್ತಬೇಕು, ಒಡ್ಡು ಎಲ್ಲಿ ಹಾಕಬೇಕು, ಬಾಜೂ ಹೊಲದವನ ಜೊತೆ ಹೇಗೆ ಮಾತಾಡಬೇಕು. ಅಪ್ಪ ಇಲ್ಲದ ಮನೆ. ಓದಿ ಹೇಳುವವನು ನಾನು, ಕೆಸರಲ್ಲಿ ನಿಲ್ಲುವವಳು ಅವ್ವ, ಬಾಜೂ ಹೊಲದವನ ಬೈಗುಳ ತಿನ್ನುವವಳೂ ಅವ್ವ. ಇವತ್ತಿಗೂ ಊರಲ್ಲಿ ಆ ಹೊಲ ಉಳಿದದ್ದು ಅಣ್ಣನ ಬುದ್ಧಿಯಿಂದ ಅಂತಾರೆ. ಅಣ್ಣನೂ ಹೂಂ ಅಂತಾನೆ. ಅವನು ಇದನ್ನ ಓದುತ್ತಾನೆ. ಓದಲಿ.

ಇನ್ನು ನಮ್ಮದೇ 1948, ಹೈದರಾಬಾದ್ ನಿಜಾಮನ ಆಳ್ವಿಕೆಯಿಂದ ನಮ್ಮ ಭಾಗ ಬಿಡುಗಡೆಯಾದ ವರ್ಷ. ನಿಜಾಮನ ಸರಹದ್ದಿನಾಚೆ ಸೊಲ್ಲಾಪುರದ ಕಡೆ ಮುಖಂಡರು, ಕಾರ್ಯಕರ್ತರು ಶಿಬಿರ ಹಾಕಿದ್ದರು. ಅಲ್ಲಿಂದ ಚೀಟಿ, ಕರಪತ್ರ ಒಳಗೆ ಬರುತ್ತಿದ್ದವು. ಸೆಪ್ಟೆಂಬರ್ 17 ಬಂದರೆ ನಾವು ಮುಖಂಡರ ಫೋಟೋಗೆ ಹಾರ ಹಾಕುತ್ತೇವೆ, ಹಾಕಲೇಬೇಕು. ಆದರೆ ನಿಜಾಮನ ಪರ ನಿಂತ ರಜಾಕಾರರ ಪಡೆ ತಿರುಗಾಡುವ ಹಾದಿಯಲ್ಲಿ ಆ ಚೀಟಿ ತಂದವರು? ನಮ್ಮಜ್ಜಿ ಹೇಳುತ್ತಿದ್ದಳು, ಒಂದು ಮಧ್ಯಾಹ್ನ ಯಾರೋ ನೀರು ಕೇಳುವ ನೆಪದಲ್ಲಿ ಬಂದು ಮಡಚಿದ ಹಾಳೆ ಇಟ್ಟು ಹೋದನಂತೆ. ಅಜ್ಜ ಮನೆಯಲ್ಲಿಲ್ಲ. ಓಣಿಯಲ್ಲಿ ಕುದುರೆ ಸದ್ದು ಕೇಳಿದ್ದೇ ತಡ, ಹಂಚಿನ ಕೆಳಗೆ ಹಾಳೆ ತುರುಕಿ ಮೇಲೆ ರೊಟ್ಟಿ ಬಡಿದು ಹಾಕಿದಳಂತೆ. "ಅದರಾಗ ಏನ್ ಬರದಿತ್ತಜ್ಜಿ" ಅಂತ ಕೇಳಿದರೆ, "ಓದಾಕ ನನಗೆಲ್ಲಿ ಬರ್ತದ? ಸುಡಬೇಕು ಅನ್ನೂದು ಗೊತ್ತಿತ್ತು" ಅನ್ನುತ್ತಿದ್ದಳು.

ಆಳಂದ, ಅಫಜಲಪುರ, ಬಸವಕಲ್ಯಾಣ ಕಡೆಯ ಗೆಳೆಯರೇ, ನಿಮ್ಮ ಮನೆಗಳಲ್ಲೂ ಇಂಥವರು ಇದ್ದೇ ಇರುತ್ತಾರೆ. ಕೇಳಿ, ಇಲ್ಲೇ ಬರೆಯಿರಿ. ಮುಂದಿನ ಸಲ ಇಂಥ ಉಪನ್ಯಾಸ ಇಟ್ಟಾಗ ಆ ಪಟ್ಟಿ ಹಿಡಿದುಕೊಂಡೇ ಹೋಗುತ್ತೇನೆ, ಮೈಕ್ ಕೊಡದಿದ್ದರೆ ಕೂತಲ್ಲಿಂದಲೇ ಓದುತ್ತೇನೆ.